ಎಲೆಯ ಹಾಗೆ ಹಂಚಿದ ಗುಳಿಗೆ

ನನ್ನ ಎಲೆಸಂಚಿಗೆ ಐದು ಅರೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು. ಐದನೆಯದನ್ನು ಇಪ್ಪತ್ತು ವರ್ಷದಿಂದ ಖಾಲಿ ಇಟ್ಟಿದ್ದೇನೆ. ಮೊನ್ನೆ ಮಧ್ಯಾಹ್ನ ಉಂಡು ಎಲೆ ಹಾಕಿಕೊಳ್ಳೋಣ ಎಂದು ಸಂಚಿ ಬಿಚ್ಚಿದರೆ ಆ ಐದನೆಯ ಅರೆ ಉಬ್ಬಿಕೊಂಡಿತ್ತು. ಬೆರಳು ಹಾಕಿ ಎಳೆದೆ. ಗುಳಿಗೆಯ ಹಾಳೆ. ಎರಡು ಸಾಲು ಒಡೆದಿದ್ದವು, ಮೂರನೆಯ ಸಾಲು ಹಾಗೇ ಇತ್ತು. ತಂಬಾಕಿನ ವಾಸನೆ, ಅದರ ಜೊತೆ ದವಾಖಾನೆಯ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದವು. ಕೈಯಲ್ಲಿದ್ದ ಎಲೆಯನ್ನು ಅಲ್ಲೇ ಇಟ್ಟೆ.

ಗುಳಿಗೆ ಮೊಮ್ಮಗಳು ಭಾಗ್ಯಾಳದು. ನಾರಾಯಣಪುರದಲ್ಲಿರುವ ನನ್ನ ಮಗಳ ಮನೆಗೆ ಹೋಗಿ ಹದಿನೈದು ದಿನ ಇದ್ದು ಬಂದಳು, ಬರುವಾಗ ಚಳಿಜ್ವರ ತಂದಳು. ಊರಿನ ಆಶಾ ಕಾರ್ಯಕರ್ತೆ ಬಂದು ಬೆರಳು ಚುಚ್ಚಿ, ಒಂದು ಪಟ್ಟಿಯ ಮೇಲೆ ರಕ್ತ ಬಿಟ್ಟು, ನಾವು ನೋಡುತ್ತಿದ್ದಂತೆಯೇ ಮಲೇರಿಯಾ ಎಂದಳು, ಅದರಲ್ಲೂ ಕೆಟ್ಟ ಜಾತಿಯದು ಎಂದಳು. ಮೂರು ದಿನದ ಗುಳಿಗೆ ಕೊಟ್ಟಳು. ಮೊದಲ ಎರಡು ದಿನ ತಾನೇ ಬಂದು ನುಂಗಿಸಿದಳು. ಮೂರನೆಯ ದಿನ, ಅಂದರೆ ಮೊನ್ನೆ, ಅವಳಿಗೆ ಶಹಾಪುರದಲ್ಲಿ ಮೀಟಿಂಗ್ ಇತ್ತು. ಮರೆಯದೆ ಕೊಡಿ ಎಂದು ನನ್ನ ಸೊಸೆಗೆ ಹೇಳಿಹೋಗಿದ್ದಳು. ಅಷ್ಟರಲ್ಲಿ ಹುಡುಗಿ ಎದ್ದು ಕುಂತು, ರೊಟ್ಟಿ ಪುಂಡಿಪಲ್ಯ ಕೇಳಿ ಉಂಡು, ಫೋನ್ ಹಿಡಿದುಕೊಂಡು ನಗುತ್ತಿದ್ದಳು.

ಸೊಸೆ ಶಾಂತಾಳನ್ನು ಕರೆದು, ಇದು ನನ್ನ ಸಂಚಿಗೆ ಹೇಗೆ ಬಂತು ಎಂದು ಕೇಳಿದೆ.

"ಜ್ವರ ಬಿಟ್ಟದಲ್ರೀ ಅತ್ತಿ. ಉಳದದ್ದು ಯಾಕ ಒಗೀಬೇಕಂತ ಇಟ್ಟೀನ್ರಿ. ನಾಳಿ ಮತ್ತ ಯಾರಿಗರ ಬೇಕಾಗ್ತಾವ."

ಸೊಸೆ ದಡ್ಡಳಲ್ಲ. ಅರ್ಧ ಉಳ್ಳಾಗಡ್ಡಿಯನ್ನೂ ಹಾಳು ಮಾಡುವವಳಲ್ಲ. ಉಳಿದದ್ದನ್ನು ಇಟ್ಟುಕೋ ಎಂದು ಅವಳಿಗೆ ಕಲಿಸಿದವಳು ನಾನೇ. ಯಾವುದನ್ನು ಇಡಬಾರದು ಎಂದು ಮಾತ್ರ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ಕೆಂಭಾವಿಯ ಆ ವರ್ಷದ ಮಾತು ತೆಗೆಯಬೇಕು. ಆ ಮಾತನ್ನು ನಾನು ಮನೆಯಲ್ಲಿ ಯಾರ ಮುಂದೆಯೂ ತೆಗೆದವಳಲ್ಲ. ಆ ವರ್ಷ ನನ್ನ ಜೊತೆಗಿದ್ದ ಮಲ್ಲಮ್ಮ ಇದೇ ಓಣಿಯಲ್ಲಿದ್ದಾಳೆ, ದಿನಾ ಮಧ್ಯಾಹ್ನ ಎಲೆ ಹಾಕಿಕೊಳ್ಳಲು ನಮ್ಮ ಕಟ್ಟೆಗೆ ಬರುತ್ತಾಳೆ. ಅದಕ್ಕೇ.

ಅದು ನನ್ನ ದೊಡ್ಡ ಮಗನ ಮದುವೆಗೆ ಮುಂಚಿನ ವರ್ಷ. ಕೆಂಭಾವಿ ಕಡೆ ಕೆನಾಲಿನ ನೀರು ಬಿದ್ದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಕಳೆ ತೆಗೆಯಲು, ಕೊಯ್ಲಿಗೆ ಅಲ್ಲಿಯ ಹೆಂಗಸರು ಸಾಲುತ್ತಿರಲಿಲ್ಲ. ದೋರನಹಳ್ಳಿಯಿಂದ ನಾವು ಎಂಟು ಜನ ಹೋದೆವು. ನಾನು ಮುಂದಾಳು. ಅದು ದೊಡ್ಡ ಪದವಿಯೇನಲ್ಲ. ಗದ್ದೆಯ ಸಾವಕಾರನ ಜೊತೆ ಜಗಳ ಆಡಬೇಕು, ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಬೇಕು, ಯಾರ ಗಂಡ ಬಂದು ಒದರಿದರೂ ಎದ್ದು ನಿಂತು ಮಾತಾಡಬೇಕು. ನನಗೆ ಮೂರೂ ಬರುತ್ತಿದ್ದವು.

ಎಕರೆಯ ಮೇಲೆ ಗುತ್ತಿಗೆ ಹಿಡಿದಿದ್ದೆವು. ಹೀಗೆ ಹಿಡಿದಾಗ ಒಬ್ಬಳು ಮಲಗಿದರೆ ಅವಳ ಸಾಲು ಉಳಿದ ಏಳು ಜನರ ಬೆನ್ನಿಗೆ ಬೀಳುತ್ತದೆ. ಬೆಳಿಗ್ಗೆಯಿಂದ ಸಂಜೆಯತನಕ ಕೆಸರಿನಲ್ಲಿ ಬಗ್ಗಿದವರಿಗೆ ಇನ್ನೊಬ್ಬಳ ಸಾಲು ಎಂದರೆ ಏನೆಂದು ಬಗ್ಗಿದವರಿಗೇ ಗೊತ್ತು.

ಇರಲು ಕೆನಾಲಿನ ದಂಡೆಯ ಕೆಳಗೆ ತಗಡು ಪತ್ರಾಸಿನ ಶೆಡ್ ಕೊಟ್ಟಿದ್ದರು. ದಂಡೆ ಕಟ್ಟುವಾಗ ಮಣ್ಣು ತೆಗೆದ ಗುಂಡಿಗಳು ಶೆಡ್ಡಿನ ಹಿಂದೆಯೇ ಇದ್ದವು, ತುಂಬ ನೀರು ನಿಂತಿತ್ತು. ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂತು. ಒಂದು ದಿನ ಹೊಡೆಯುವುದು, ನಾಲ್ಕು ದಿನ ಬಿಸಿಲು, ಮತ್ತೆ ಹೊಡೆಯುವುದು. ಗುಂಡಿ ಒಣಗಲೇ ಇಲ್ಲ. ಹೊತ್ತು ಇಳಿದರೆ ಸೊಳ್ಳೆಗಳು ಹೊಗೆ ಎದ್ದ ಹಾಗೆ ಏಳುತ್ತಿದ್ದವು. ಬೇವಿನ ತಪ್ಪಲು ಸುಟ್ಟರೆ ನಮ್ಮ ಕಣ್ಣಲ್ಲಿ ನೀರು ಬರುತ್ತಿತ್ತು, ಸೊಳ್ಳೆಗೆ ಏನೂ ಆಗುತ್ತಿರಲಿಲ್ಲ.

ಮಲ್ಲಮ್ಮ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಎಂಟು ತಿಂಗಳ ಕೂಸು ನೀಲಾಳನ್ನು ಕಟ್ಟಿಕೊಂಡೇ ಬಂದಿದ್ದಳು. ಗದ್ದೆಯ ಬದುವಿನ ಮೇಲೆ ಜಾಲಿಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಸಾಲು ಹಿಡಿದರೆ ಅವಳ ಕೈ ಎಲ್ಲರಿಗಿಂತ ಮುಂದೆ. ಬಾಯಿ ಇನ್ನೂ ಮುಂದೆ.

ಕಳೆ ತೆಗೆಯುವಾಗ ನಾನು ಎಲ್ಲರ ಬೆನ್ನ ಹಿಂದೆ ಬಂದು ನೋಡುತ್ತಿದ್ದೆ. ಎಳೆದ ಕೂಡಲೇ ಬರುವ ಹುಲ್ಲನ್ನು ಯಾರಾದರೂ ಕೀಳುತ್ತಾರೆ. ಬಿಗಿ ಬೇರಿನದು ಹಾಗೆ ಬರುವುದಿಲ್ಲ, ಕೈ ಕೊಯ್ಯುತ್ತದೆ. ಅದನ್ನು ಬಿಟ್ಟು ಮುಂದೆ ಹೋದರೆ ಗದ್ದೆ ನೋಡಲು ಹಸನಾಗಿಯೇ ಕಾಣುತ್ತದೆ. ಆದರೆ ಸುತ್ತಲಿನ ಬಡಹುಲ್ಲು ಹೋಗಿ, ಜಾಗ, ನೀರು, ಗೊಬ್ಬರ ಎಲ್ಲ ಆ ಗಟ್ಟಿ ಹುಲ್ಲಿಗೇ ಸಿಗುತ್ತದೆ. ಬೀಜ ಉದುರಿಸುವುದೂ ಅದೇ. ಮುಂದಿನ ವರ್ಷ ಗದ್ದೆ ತುಂಬ ಅದರದೇ ಮಕ್ಕಳು. ಹಾಗೆ ಬಿಟ್ಟುಹೋದವಳನ್ನು ನಾನು ಬೈದು ವಾಪಸ್ ಕರೆಸುತ್ತಿದ್ದೆ. ಅದಕ್ಕೆ ಮಲ್ಲಮ್ಮ ತಲೆ ಎತ್ತದೆಯೇ, "ನಮ್ಮಕ್ಕ ಕಸಕ್ಕ ಬೈತಾಳೋ ನಮಗ ಬೈತಾಳೋ ತಿಳಿಯಂಗಿಲ್ಲ. ಕಸನ ಹೆದರಿ ಎದ್ದು ಹೋಗ್ತದ ನೋಡ್ರಿ" ಎನ್ನುತ್ತಿದ್ದಳು. ಇಡೀ ಸಾಲು ನಗುತ್ತಿತ್ತು. ನಾನೂ ನಗುತ್ತಿದ್ದೆ, ಬೆನ್ನ ಹಿಂದೆ ಇದ್ದುದರಿಂದ ಯಾರಿಗೂ ಕಾಣುತ್ತಿರಲಿಲ್ಲ.

ನಮ್ಮಲ್ಲಿ ಒಂದು ರಿವಾಜು ಉಂಟು. ನಾಲ್ಕು ಜನರ ನಡುವೆ ಸಂಚಿ ಬಿಚ್ಚಿದವಳು ಒಬ್ಬಳೇ ಎಲೆ ಹಾಕಿಕೊಳ್ಳಬಾರದು. ಒಂದೇ ಎಲೆ ಇದ್ದರೂ ಹರಿದು ಹಂಚಬೇಕು. ಅಡಿಕೆ ಒಂದೇ ಹೋಳಿದ್ದರೆ ಕಡಿದು ಹಂಚಬೇಕು. ಸಂಚಿ ಮುಚ್ಚಿಕೊಂಡು ತಿಂದವಳ ಮಗಳನ್ನು ಮನೆಗೆ ತಂದುಕೊಳ್ಳಬಾರದು ಎನ್ನುತ್ತಿದ್ದಳು ನನ್ನ ಅತ್ತೆ. ಗುಂಪು ಕಟ್ಟಿಕೊಂಡು ದುಡಿಯುವವರಿಗೆ ಇದಕ್ಕಿಂತ ದೊಡ್ಡ ಧರ್ಮ ಇಲ್ಲ ಎಂದು ನಾನೂ ತಿಳಿದಿದ್ದೆ. ಈಗಲೂ ಎಲೆಯ ಮಟ್ಟಿಗೆ ಹಾಗೇ ತಿಳಿದಿದ್ದೇನೆ.

ಗಣಪತಿ ಕಳಿಸಿ ವಾರ ಆಗಿರಬೇಕು, ಮಲ್ಲಮ್ಮನಿಗೆ ಚಳಿ ಬಂತು. ಎರಡು ಕೌದಿ ಹೊದಿಸಿ ಮೇಲೆ ನಾನು ಕುಂತರೂ ನಡುಕ ನಿಲ್ಲಲಿಲ್ಲ. ಮಲೇರಿಯಾದ ಬಸಣ್ಣ ಎಂದು ಒಬ್ಬ ಸರಕಾರದ ಮನುಷ್ಯ ಸೈಕಲ್ ಮೇಲೆ ಕೆನಾಲಿನ ದಂಡೆಗುಂಟ ತಿರುಗುತ್ತಿದ್ದ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಒಯ್ದ, ಎರಡನೆಯ ದಿನ ಬಂದು ಮಲೇರಿಯಾ ಎಂದ. ಹತ್ತು ಬಿಳಿ ಗುಳಿಗೆ ಕೊಟ್ಟ. ಇವತ್ತು ನಾಲ್ಕು, ನಾಳೆ ನಾಲ್ಕು, ನಾಡದು ಎರಡು. ಮೂರು ಸಲ ಹೇಳಿಸಿ ಕೇಳಿ, ಮುಂದಿನ ಶೆಡ್ಡಿಗೆ ಹೋದ.

ಮೊದಲ ದಿನದ ನಾಲ್ಕಕ್ಕೇ ಬೆವರು ಇಳಿಯಿತು. ಮರುದಿನ ಬೆಳಿಗ್ಗೆ ಮಲ್ಲಮ್ಮ ಎದ್ದು ಕೂಸಿಗೆ ಹಾಲು ಕುಡಿಸುತ್ತ ಕುಂತಿದ್ದಳು. ಗುಳಿಗೆ ಕಹಿ ಇನ್ನೂ ಗಂಟಲಲ್ಲೇ ಇದೆ ಎಂದಳು.

"ಅಕ್ಕ, ಹೊಟ್ಟಿ ತೊಳಸ್ತದ. ಜ್ವರ ಅಂತೂ ಇಲ್ಲ. ಮತ್ತ ಯಾಕ ತಿನ್ಲಿ?"

"ಬ್ಯಾಡ ಬಿಡು. ಇಲ್ಲಿ ಕೊಡು. ನಾಳಿ ಯಾರಿಗರ ಬೇಕಾಗ್ತಾವ."

ಅವಳು ಕೊಟ್ಟಳೋ ನಾನು ಇಸಿದುಕೊಂಡೆನೋ ಎಂದು ಯಾರಾದರೂ ಕೇಳಿದರೆ, ಕೈ ಚಾಚಿದವಳು ನಾನು. ಆರು ಗುಳಿಗೆ ಸಂಚಿಯ ಐದನೆಯ ಅರೆಗೆ ಹೋದವು.

ಬೇಕಾದವು. ನಾಲ್ಕೇ ದಿನಕ್ಕೆ ಶರಣಮ್ಮನಿಗೆ ಮೈ ಬಿಸಿ ಆಯಿತು. ಶರಣಮ್ಮ ನಮ್ಮ ಗುಂಪಿನಲ್ಲೇ ವಯಸ್ಸಾದವಳು, ಅವಳು ಮಲಗಿದರೆ ಬೇಗ ಏಳುವವಳಲ್ಲ. ಬಸಣ್ಣ ಬರುವತನಕ ಯಾಕೆ ಕಾಯಬೇಕು ಎಂದು ಸಂಚಿ ಬಿಚ್ಚಿ ಎರಡು ಕೊಟ್ಟೆ. ಸಂಜೆಗೆ ಎದ್ದಳು. ಆಮೇಲೆ ಇನ್ನೊಬ್ಬಳಿಗೆ ಎರಡು. ನನಗೂ ಒಂದು ದಿನ ಮೈಕೈ ಹಿಡಿದ ಹಾಗಾಯಿತು, ಎರಡು ನುಂಗಿದೆ. ಬಸಣ್ಣ ಬಂದಾಗಲೆಲ್ಲ ಯಾರಿಗಾದರೂ ಹತ್ತು ಕೊಡುತ್ತಿದ್ದ. ಅವಳು ನಾಲ್ಕು ತಿಂದು ಆರನ್ನು ನನಗೆ ಕೊಡುತ್ತಿದ್ದಳು. ಯಾರಿಗೂ ನಾನು ಹೇಳಬೇಕಾಗಿರಲಿಲ್ಲ. ತಾವೇ ತಂದು ಸಂಚಿಯಲ್ಲಿ ಹಾಕುತ್ತಿದ್ದರು, ಎಲೆ ತಂದು ಹಾಕಿದ ಹಾಗೆ. ಎಲ್ಲರದೂ ಕೂಡಿ ಇರಲಿ, ಎಲ್ಲರಿಗೂ ಆಗಲಿ.

ನಮ್ಮ ಪಕ್ಕದ ಗದ್ದೆಯ ಗುಂಪಿನವರು ಜ್ವರ ಬಂದು ಅರ್ಧ ಜನ ಊರಿಗೆ ಹೋಗಿದ್ದರು. ನಾವು ಎಂಟಕ್ಕೆ ಎಂಟೂ ಇದ್ದೆವು. ಒಂದು ಸಾಲೂ ಬಿದ್ದಿರಲಿಲ್ಲ. ಈರಕ್ಕನ ಸಂಚಿ ಅಂದರೆ ಸಣ್ಣ ದವಾಖಾನೆ ಎಂದು ಶರಣಮ್ಮ ಕೆಂಭಾವಿಯ ಸಂತೆಯಲ್ಲಿ ಹೇಳಿಬಂದಳು. ನನಗೆ ಅದು ಕೇಳಲು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.

ಬಸಣ್ಣ ಬಂದಾಗ ಹತ್ತೂ ತಿಂದಿರೇನು ಎಂದು ಕೇಳುತ್ತಿದ್ದ. ತಿಂದೀವಿ ಎಂದು ನಾನು ಹೇಳುತ್ತಿದ್ದೆ, ಏಳು ತಲೆ ಹೌದೆಂದು ಅಲ್ಲಾಡುತ್ತಿದ್ದವು. ಒಂದು ದಿನ ಅವನು ಸೈಕಲ್ ಹತ್ತಿದವನು ಒಂದು ಕಾಲು ನೆಲಕ್ಕೆ ಊರಿ ನಿಂತ.

"ಯವ್ವಾ, ನೀವು ಹೇಳೂದು ನಾ ಬರ್ಕೊಂಡು ಹೋಗ್ತೀನಿ. ಖರೆ ಏನದ ಅನ್ನೂದು ನಿಮ್ಮ ರಕ್ತಕ್ಕ ಗೊತ್ತಿರ್ತದ."

ಮಲ್ಲಮ್ಮ ಅವನಿಗೆ, ರಕ್ತ ಒಯ್ದವ ನೀನೇ, ನಮಗೇನು ಕೇಳ್ತಿ, ಅದಕ್ಕೇ ಕೇಳು ಎಂದಳು. ಅವನೂ ನಕ್ಕ, ಹೋದ.

ದಸರಾ ಹೋಗಿ ಭತ್ತ ತೆನೆ ಬಾಗುವ ಹೊತ್ತಿಗೆ ಮಲ್ಲಮ್ಮನಿಗೆ ಮತ್ತೆ ಜ್ವರ ಬಂತು. ಈ ಸಲದ್ದು ಬೇರೆಯೇ ಇತ್ತು. ಚಳಿ ಬಂದು ಬಿಡುವುದಲ್ಲ, ಮೈ ಸುಡುತ್ತಲೇ ಇತ್ತು. ನನಗೆ ಹೆದರಿಕೆಯಾಯಿತು. ಸಂಚಿಯಿಂದ ಹತ್ತು ಗುಳಿಗೆ ತೆಗೆದು, ಬಸಣ್ಣ ಹೇಳಿದ ಪ್ರಕಾರವೇ ನಾಲ್ಕು, ನಾಲ್ಕು, ಎರಡು, ಎದುರಿಗೆ ಕುಂತು ನುಂಗಿಸಿದೆ. ಒಂದನ್ನೂ ಬಿಡಲಿಲ್ಲ. ಮೊದಲು ನಾಲ್ಕಕ್ಕೇ ಇಳಿದ ಜ್ವರ ಹತ್ತಕ್ಕೂ ಇಳಿಯಲಿಲ್ಲ. ಮೂರನೆಯ ದಿನ ಮೈ ರೊಟ್ಟಿಯ ಹಂಚಿನ ಹಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಅಳುತ್ತಿತ್ತು. ಎತ್ತಿ ಅವಳ ಮಗ್ಗುಲಿಗೆ ಹಾಕಿದೆ. ಮಲ್ಲಮ್ಮ ಕಣ್ಣು ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಯಾರ ಕೂಸು?" ಎಂದಳು.

ಅಷ್ಟು ಹೇಳಿ ಕಣ್ಣು ಮೇಲೆ ಮಾಡಿದಳು, ಕೈಕಾಲು ಸೆಟೆದವು. ನಾನು ಹೊರಗೆ ಓಡಿ ಕೆನಾಲಿನ ದಂಡೆಯ ಮೇಲೆ ಬರುತ್ತಿದ್ದ ಟಂಟಂ ಗಾಡಿಗೆ ಅಡ್ಡ ನಿಂತೆ. ಕೂಸನ್ನು ಬಗಲಲ್ಲಿ ಕಟ್ಟಿಕೊಂಡು, ಮಲ್ಲಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಸುರಪುರದ ದವಾಖಾನೆಗೆ ಹೋದೆ. ದಾರಿಯುದ್ದಕ್ಕೂ ರಸ್ತೆಯ ಎರಡೂ ಕಡೆ ತೆನೆ ಬಾಗಿದ ಭತ್ತ. ಅಷ್ಟು ಚಂದದ ಬೆಳೆಯನ್ನು ನಾನು ಆಮೇಲೆ ನೋಡಿಲ್ಲ. ಅವತ್ತು ಅದು ಕಣ್ಣಿಗೆ ಬಿದ್ದಿದ್ದಕ್ಕೇ ನನಗೆ ಸಿಟ್ಟು ಬಂದಿತ್ತು.

ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಇದ್ದರು. ಸಣ್ಣ ವಯಸ್ಸು. ರಕ್ತ ನೋಡಿ ಬಂದು, ಜ್ವರ ತಲೆಗೆ ಏರಿದೆ, ಹತ್ತು ಗುಳಿಗೆ ತಿಂದ ಮೇಲೂ ರಕ್ತದಲ್ಲಿ ತುಂಬಿಕೊಂಡಿದೆ ಎಂದರೆ ಈ ಗುಳಿಗೆ ಇದಕ್ಕೆ ನಾಟುತ್ತಿಲ್ಲ ಎಂದರು. ಕ್ವಿನೈನ್ ಎಂಬ ಬೇರೆ ಔಷಧವನ್ನು ಸಲೈನ್ ಬಾಟಲಿಯಲ್ಲಿ ಹಾಕಿ ಹಚ್ಚಿದರು. ಎರಡು ದಿನ ಕಳೆಯಬೇಕು, ಅಲ್ಲಿಯತನಕ ಏನೂ ಹೇಳಲಾರೆ ಎಂದರು. ಮೊದಲ ಸಲ ಜ್ವರ ಬಂದಾಗ ಎಷ್ಟು ಗುಳಿಗೆ ತಿಂದಿದ್ದಳು, ಶೆಡ್ಡಿನಲ್ಲಿ ಬೇರೆ ಯಾರಿಗೆ ಜ್ವರ ಬಂದಿತ್ತು, ಅವರು ಎಷ್ಟು ತಿಂದರು ಎಂದು ಒಂದೊಂದಾಗಿ ಕೇಳಿದರು.

ಮೊದಲ ಸಲವೂ ಹತ್ತೂ ತಿಂದಾಳೆ, ಉಳಿದವರೆಲ್ಲ ಆರಾಮ ಇದ್ದಾರೆ ಎಂದೆ. ಯಾಕೆ ಹಾಗೆಂದೆ ಎಂದರೆ, ಎರಡು ತಿಂಗಳು ಅದನ್ನೇ ಹೇಳಿ ಬಾಯಿಗೆ ರೂಢಿಯಾಗಿತ್ತು. ನಿಜ ಹೇಳಿದರೆ ನನ್ನನ್ನು ಹೊರಗೆ ಹಾಕಿ ಮಲ್ಲಮ್ಮನನ್ನು ನೋಡದೆ ಬಿಟ್ಟಾರು ಎಂಬ ಹೆದರಿಕೆಯೂ ಇತ್ತು. ನಾಚಿಕೆ ಇತ್ತು ಎಂಬುದು ಎಲ್ಲಕ್ಕಿಂತ ನಿಜ.

ಮಧ್ಯಾಹ್ನ ಪಡಸಾಲೆಯಲ್ಲಿ ಕುಂತೆ. ಕೂಸಿಗೆ ಬಟ್ಟಲಲ್ಲಿ ಆಕಳ ಹಾಲು ಹಾಕಿದರೆ ಉಗುಳುತ್ತಿತ್ತು, ತಾಯಿಯ ಕಡೆಗೇ ಕತ್ತು ಹೊರಳಿಸುತ್ತಿತ್ತು. ಮಲ್ಲಮ್ಮನಿಗೆ ನಡುವೆ ಒಮ್ಮೆ ಎಚ್ಚರವಾದರೂ ಕೂಸನ್ನು ಗುರುತಿಸಲಿಲ್ಲ. ನನಗೆ ಬೆಳಿಗ್ಗೆಯಿಂದ ಎಲೆ ಇರಲಿಲ್ಲ. ಸಂಚಿ ಬಿಚ್ಚಿ ನೋಡದೆಯೇ ಬೆರಳು ಹಾಕಿದೆ. ಎಲೆಯ ಅರೆಗೆ ಹೋಗಬೇಕಾದ ಬೆರಳು ಗುಳಿಗೆಯ ಅರೆಗೆ ಹೋಯಿತು. ಆಗ ಶರಣಮ್ಮ ನೆನಪಾದಳು. ನಾನು ಟಂಟಂ ಹತ್ತುವಾಗ ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ಅಳುತ್ತಿದ್ದಾಳೆ ಎಂದುಕೊಂಡಿದ್ದೆ. ಅದು ಅಳುವ ಕೆಂಪಲ್ಲ. ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ಕುಂತರೆ ನಾಳೆ 'ಇದು ಯಾರ ಕೂಸು' ಎನ್ನುವ ಸರದಿ ಶರಣಮ್ಮನದು.

ಎದ್ದು ಹೋಗಿ ಡಾಕ್ಟರ್ ಬಾಯಿಯ ಮೇಜಿನ ಮೇಲೆ ಸಂಚಿಯನ್ನು ಮಗುಚಿದೆ. ಅಡಿಕೆ ಚೂರು, ತಂಬಾಕಿನ ಪುಡಿ, ಸುಣ್ಣದ ಡಬ್ಬಿ, ಅದರ ನಡುವೆ ಗುಳಿಗೆಗಳು. ಕೆಲವು ಅರ್ಧ ಮುರಿದಿದ್ದವು, ಕೆಲವು ತಂಬಾಕು ಹತ್ತಿ ಹಳದಿಯಾಗಿದ್ದವು.

"ಇವು ಯಾರವು?" ಎಂದರು.

"ಒಬ್ಬಾಕಿವು ಅಲ್ರೀ ಬಾಯಾರ. ಎಂಟು ಮಂದೀವು. ಒಬ್ಬಾಕಿನೂ ಪೂರಾ ತಿಂದಿಲ್ಲ. ನಾನೇ ಇಸ್ಕೊಂಡು ಹಂಚೀನಿ."

ಬೈಯುತ್ತಾರೆ ಎಂದು ನಿಂತಿದ್ದೆ. ಬೈಯಲಿಲ್ಲ. ಗುಳಿಗೆಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿ, ಅಡಿಕೆ ತಂಬಾಕನ್ನು ಇನ್ನೊಂದು ಕಡೆ ಮಾಡಿ ನನಗೆ ವಾಪಸ್ ಕೊಟ್ಟರು. ಆಮೇಲೆ ತಿಳಿಸಿ ಹೇಳಿದರು. ಜ್ವರದ ಹುಳ ಕಣ್ಣಿಗೆ ಕಾಣದ್ದು, ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಇರುತ್ತದೆ. ಎಲ್ಲವೂ ಒಂದೇ ನಮೂನೆ ಇರುವುದಿಲ್ಲ. ಕೆಲವು ಬಡವು, ಕೆಲವು ಗಟ್ಟಿ. ನಾಲ್ಕು ಗುಳಿಗೆಗೆ ಬಡವು ಸಾಯುತ್ತವೆ, ಜ್ವರ ಬಿಡುತ್ತದೆ, ಹುಷಾರಾದೆವು ಎಂದು ನಾವು ತಿಳಿಯುತ್ತೇವೆ. ಗಟ್ಟಿಯವು ಉಳಿದಿರುತ್ತವೆ.

ಅವರು ಇನ್ನೂ ಹೇಳುತ್ತಿದ್ದರು, ನಾನು ನಡುವೆ ಬಾಯಿ ಹಾಕಿದೆ. ಬಿಗಿ ಬೇರಿನ ಹುಲ್ಲು ಬಿಟ್ಟು ಮುಂದ ಹೋದಂಗ ಆತಲ್ರೀ ಎಂದೆ. ಅವರು ನನ್ನ ಮುಖ ನೋಡಿದರು, ಹೌದು, ಅಷ್ಟೇ ಎಂದರು.

ಮುಂದಿನದನ್ನು ಅವರು ಹೇಳುವುದು ಬೇಕಾಗಿರಲಿಲ್ಲ. ಉಳಿದ ಗಟ್ಟಿ ಹುಳವನ್ನು ಸೊಳ್ಳೆ ಇನ್ನೊಬ್ಬಳಿಗೆ ಒಯ್ದು ಹಾಕುತ್ತದೆ. ಅವಳಿಗೆ ನಾನು ಎರಡೇ ಗುಳಿಗೆ ಕೊಡುತ್ತೇನೆ. ಅಲ್ಲಿಯೂ ಇದ್ದಬದ್ದ ಬಡವು ಸತ್ತು, ಗಟ್ಟಿಯವಕ್ಕೆ ಜಾಗ ಹಸನಾಗುತ್ತದೆ. ಅಲ್ಲಿಂದ ಮತ್ತೊಬ್ಬಳಿಗೆ. ಎಂಟು ಜನರ ಮೈ, ಎಂಟು ಗದ್ದೆ. ಕಳೆ ಬಿಟ್ಟವಳನ್ನು ಬೈದು ವಾಪಸ್ ಕರೆಸುತ್ತಿದ್ದ ನಾನೇ ಎಂಟೂ ಗದ್ದೆಗೆ ಅದರ ಬೀಜ ಬಿತ್ತಿದ್ದೆ, ಅದೂ ಸಮಸಮ ಹಂಚಿ.

ಇದನ್ನೆಲ್ಲ ನಾನೇ ಮಾಡಿದೆನೇನು ಎಂದು ಕೇಳಿದೆ.

"ನಿಮ್ಮ ಶೆಡ್ಡಿನ್ಯಾಗೇ ಹುಟ್ಟಿದ್ದಲ್ಲ ಯಮ್ಮ ಇದು. ಎಷ್ಟೋ ಕಡೆ ಈ ಗುಳಿಗಿ ಸೋತದ. ಆದ್ರ ನಿಮ್ಮಲ್ಲಿಗೆ ಬಂದಾಗ ನೀವು ಅದಕ್ಕ ಜಾಗ ಮಾಡಿ ಕೊಟ್ಟೀರಿ."

ಅದು ಸರಿಯಾದ ಮಾತು. ನಾನೊಬ್ಬಳೇ ಮಾಡಿದ್ದಲ್ಲ. ನಾನು ಮಾಡಲಿಲ್ಲ ಎಂದೂ ಅಲ್ಲ.

ಅವತ್ತೇ ಬಸಣ್ಣನಿಗೆ ಹೇಳಿಕಳಿಸಿ ಶೆಡ್ಡಿನಲ್ಲಿ ಎಲ್ಲರ ರಕ್ತ ತೆಗೆಸಿದರು, ದವಾಖಾನೆಯಲ್ಲಿ ನನ್ನದನ್ನೂ ತೆಗೆದರು. ಮೂರು ಜನರಲ್ಲಿ ಆ ಕೆಟ್ಟ ಜಾತಿಯದು ಸಿಕ್ಕಿತು. ಒಬ್ಬಳು ಶರಣಮ್ಮ. ಅವತ್ತು ಹಿಡಿಯದಿದ್ದರೆ ಎರಡು ದಿನದಲ್ಲಿ ಅವಳೂ ಬೀಳುತ್ತಿದ್ದಳು ಎಂದರು. ಇನ್ನೊಬ್ಬಳು ನಮ್ಮೂರಿನ ಮೇಲೋಣಿಯವಳು. ಮೂರನೆಯವಳು ನಾನು. ನನಗೆ ಜ್ವರವೇ ಇರಲಿಲ್ಲ. ಎರಡು ಗುಳಿಗೆಗೆ ಮೈ ಹಗುರಾಗಿ, ಗಟ್ಟಿಮುಟ್ಟಾಗಿದ್ದೇನೆ ಎಂದು ತಿರುಗುತ್ತಿದ್ದೆ. ಮಲ್ಲಮ್ಮನ ಪಕ್ಕದಲ್ಲೇ ಮಲಗುತ್ತಿದ್ದವಳು ನಾನು. ಯಾರ ರಕ್ತದಿಂದ ಯಾರಿಗೆ ಹೋಯಿತೋ. ಸೊಳ್ಳೆ ಹೆಸರು ಬರೆದಿಡುವುದಿಲ್ಲ.

ನಮಗೆ ಮೂವರಿಗೂ ಬೇರೆ ಗುಳಿಗೆ ಕೊಟ್ಟರು. ಯಾರ ಕೈಗೂ ಕೊಡಲಿಲ್ಲ. ಬಸಣ್ಣ ದಿನಾ ಬಂದು ಎದುರಿಗೆ ನುಂಗಿಸಿ, ಬಾಯಿ ತೆಗೆಸಿ, ನಾಲಗೆ ಎತ್ತಿಸಿ ನೋಡಿ ಹೋಗುತ್ತಿದ್ದ. ನನ್ನ ಬಾಯನ್ನು ಮಾತ್ರ ಎರಡು ಸಲ ನೋಡುತ್ತಿದ್ದ. ನೋಡಲಿ ಎಂದು ನಾನೂ ಅಗಲವಾಗಿ ತೆಗೆಯುತ್ತಿದ್ದೆ.

ಮಲ್ಲಮ್ಮ ಐದನೆಯ ದಿನ ಕೂಸನ್ನು ಗುರುತಿಸಿದಳು. ಹೆಸರು ಹಿಡಿದು ಕರೆದಳು. ಆದರೆ ಅವಳಿಗೆ ತನ್ನ ದನಿಯೇ ಕೇಳುತ್ತಿರಲಿಲ್ಲ.

"ಅಕ್ಕ, ಕಿವ್ಯಾಗ ಕೆನಾಲ್ ಬಿಟ್ಟಾರೇನು? ನೀರು ಹರದಂಗ ಹರಿಯಾಕತ್ತದ."

ಕ್ವಿನೈನ್ ಹಾಕಿದಾಗ ಕಿವಿ ಹೀಗೆ ಮೊರೆಯುತ್ತದೆ, ಕಡಿಮೆಯಾಗುತ್ತದೆ ಎಂದು ಡಾಕ್ಟರ್ ಬಾಯಿ ಹೇಳಿದರು. ಬಲಗಿವಿಯದು ಕಡಿಮೆಯಾಯಿತು. ಎಡಗಿವಿ ಪೂರ್ತಿ ವಾಪಸ್ ಬರಲಿಲ್ಲ. ಅದು ಔಷಧದಿಂದಲೋ, ತಲೆಗೆ ಏರಿದ ಜ್ವರದಿಂದಲೋ ಗಟ್ಟಿಯಾಗಿ ಹೇಳಲಾಗದು ಎಂದರು. ಅಲ್ಲಿಗೆ ಬಿಟ್ಟೆವು. ಜೀವ ಉಳಿಯಿತಲ್ಲ ಎಂದು ಎಲ್ಲರೂ ಅಂದರು. ಮಲ್ಲಮ್ಮನೂ ಅಂದಳು.

ಮನೆಗೆ ಕಳಿಸುವ ಹಿಂದಿನ ಸಂಜೆ ಅವಳ ಮಂಚದ ಪಕ್ಕ ಕುಂತು ನಾನು ಎಲ್ಲವನ್ನೂ ಹೇಳಿದೆ. ಆರು ಗುಳಿಗೆ ಇಸಿದುಕೊಂಡದ್ದು, ಹಂಚಿದ್ದು, ಡಾಕ್ಟರ್ ಬಾಯಿಗೂ ಮೊದಲು ಸುಳ್ಳು ಹೇಳಿದ್ದು, ನನ್ನ ರಕ್ತದಲ್ಲಿ ಇದ್ದದ್ದು. ಹೇಳಿ ಮುಗಿಸುವತನಕ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಗಿದ ಮೇಲೆ, ಏನಂದಿ ಎಂದಳು. ಆಗ ಗೊತ್ತಾಯಿತು, ನಾನು ಕುಂತಿದ್ದು ಅವಳ ಎಡಕ್ಕೆ. ಇನ್ನೊಮ್ಮೆ ಹೇಳುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಏನಿಲ್ಲ, ಕೂಸು ಹಾಲು ಕುಡೀತು ಅಂದೆ ಎಂದೆ. ಹೌದಾ ಎಂದು ಕಣ್ಣು ಮುಚ್ಚಿದಳು.

ಮತ್ತೆ ಹೇಳಲೇ ಇಲ್ಲ. ಮಾತು ಒಂದು ದಿನ ತಡವಾದರೆ ವರ್ಷ ತಡವಾಗುತ್ತದೆ. ಕೊಯ್ಲು ಮುಗಿಸಿ ಊರಿಗೆ ಬಂದೆವು, ಮಗನ ಮದುವೆಯಾಯಿತು, ಅವಳ ಕೂಸು ನೀಲಾ ಬೆಳೆದು ಕೆಂಭಾವಿಗೇ ಸೊಸೆಯಾಗಿ ಹೋದಳು. ಗುಂಪಿನವರಿಗೆ ನಾನು ಹೇಳಿದ್ದು ಇಷ್ಟೇ, ಇನ್ನು ನನ್ನ ಸಂಚಿಯಲ್ಲಿ ಯಾರೂ ಗುಳಿಗೆ ಹಾಕಬೇಡಿ. ಮುಂದೆ ಕೆಲವು ವರ್ಷಕ್ಕೆ ಆ ಬಿಳಿ ಗುಳಿಗೆ ಈ ಕೆಟ್ಟ ಜ್ವರಕ್ಕೆ ಕೊಡುವುದೇ ನಿಂತಿತು, ಮೂರು ದಿನದ ಹಾಳೆ ಬಂತು. ಬಸಣ್ಣ ಒಮ್ಮೆ ಸಂತೆಯಲ್ಲಿ ಸಿಕ್ಕಾಗ, ಇದೂ ಸೋತರೆ ಮುಂದೇನು ಎಂದು ಕೇಳಿದ್ದೆ. ಸೋಲದ ಹಾಗೆ ನೋಡಿಕೊಳ್ಳಬೇಕು ಎಂದ.

ಆ ಹಾಳೆಯನ್ನೇ ಮೊನ್ನೆ ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಂತಿದ್ದೆ. ಸೊಸೆ ಎದುರಿಗೆ ನಿಂತಿದ್ದಳು. ಅಷ್ಟರಲ್ಲಿ ಮಲ್ಲಮ್ಮ ಬಂದಳು, ದಿನಾ ಕುಂತುಕೊಳ್ಳುವ ಹಾಗೆ ಬಲಗಿವಿ ನನ್ನ ಕಡೆ ಮಾಡಿ ಕುಂತಳು. ನನ್ನ ಕೈ ನೋಡಿದಳು, ಬಿಚ್ಚಿದ ಸಂಚಿ ನೋಡಿದಳು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಭಾಗ್ಯಾಳನ್ನು ಕರೆದಳು, ನೀರು ತರಲು ಹೇಳಿದಳು.

"ಸಣ್ಣಾಯಿ, ನಂಗ ಜ್ವರ ಇಲ್ಲ" ಎಂದಳು ಹುಡುಗಿ.

"ನಂಗೂ ಇರಲಿಲ್ಲ" ಎಂದಳು ಮಲ್ಲಮ್ಮ.

ಮೂರನೆಯ ಸಾಲನ್ನು ಪೂರ್ತಿ ಒಡೆದು ಒಂದೊಂದಾಗಿ ನುಂಗಿಸಿದಳು. ಬಾಯಿ ತೆಗಿ ಎಂದಳು. ನಾಲಗೆ ಎತ್ತಿಸಿದಳು. ಹುಡುಗಿ ನಗುತ್ತ ಒಳಗೆ ಹೋದಳು. ಸೊಸೆಗೆ ಏನೂ ತಿಳಿಯಲಿಲ್ಲ, ಯಾಕ್ರೀ ಸಣ್ಣತ್ತಿ, ಏನಾಗಿತ್ತು ಎಂದು ಕೇಳಿದಳು.

"ನಿಮ್ಮತ್ತಿ ಹೇಳ್ತಾಳ ಕೇಳು."

ಹೇಳಿದೆ. ಸೊಸೆಗೆ ಎಂದು ಹೇಳಿದರೂ ದನಿ ಎತ್ತರಿಸಿಯೇ ಹೇಳಿದೆ, ಬಲಗಿವಿಗೆ ಕೇಳುವಷ್ಟು. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮುಗಿಯುವ ಹೊತ್ತಿಗೆ ಬಿಸಿಲು ಕಟ್ಟೆಯಿಂದ ಇಳಿದಿತ್ತು. ಸೊಸೆ ಒಮ್ಮೆ ನನ್ನನ್ನು, ಒಮ್ಮೆ ಮಲ್ಲಮ್ಮನನ್ನು ನೋಡುತ್ತ ನಿಂತಿದ್ದಳು. ನಾನು ಮಲ್ಲಮ್ಮನ ಮುಖ ನೋಡದೆ, ನಿನಗೆ ಇದು ಇವತ್ತಿನತನಕ ಗೊತ್ತಿರಲಿಲ್ಲ ಎಂದೆ.

"ಗೊತ್ತಿರಲಿಲ್ಲ ಅಂತ ಯಾರ ಅಂದ್ರು? ದವಾಖಾನ್ಯಾಗ ನೀ ಹೇಳಾಕತ್ತಾಗ ನಿನ್ನ ಮುಖಾ ನೋಡೇ ಇದ್ದೆ. ಕೂಸು ಹಾಲು ಕುಡದಿದ್ದಕ್ಕ ಯಾರೂ ಹಂಗ ಅಳಂಗಿಲ್ಲ. ಊರಿಗೆ ಬಂದ ಮ್ಯಾಲ ಶರಣಮ್ಮಗ ಕೇಳಿದೆ, ಬಸಣ್ಣ ತಿಳಿಸಿದ್ದೆಲ್ಲಾ ಹೇಳಿದ್ಳು."

ನಾನು ಅವತ್ತು ಅತ್ತದ್ದು ನನಗೆ ನೆನಪಿಲ್ಲ. ಇರಬಹುದು.

ಮತ್ಯಾಕೆ ಇಷ್ಟು ವರ್ಷ ಕೇಳಲಿಲ್ಲ ಎಂದೆ.

"ನೀ ಹೇಳ್ತಿ ಅಂತ ಕುಂತಿದ್ದೆ. ದಿನಾ ಈ ಕಿವಿ ನಿನ್ನ ಕಡೆ ಮಾಡೇ ಕುಂತೀನಿ" ಎಂದಳು. ಆಮೇಲೆ ಕೈ ಚಾಚಿದಳು. "ಎಲಿ ಹಂಚು ಈಗ. ಬಾಯಿ ಒಣಗ್ಯದ."

ಸಂಚಿಯಲ್ಲಿ ಒಂದೇ ಎಲೆ ಉಳಿದಿತ್ತು. ಹರಿದೆ, ಸಮ ಬರಲಿಲ್ಲ. ದೊಡ್ಡ ತುಂಡನ್ನು ಅವಳ ಕೈಗಿಟ್ಟೆ. ಅವಳು ಅದನ್ನು ನೋಡಿದಳು, ನನ್ನ ಕೈಯಲ್ಲಿದ್ದುದನ್ನೂ ನೋಡಿದಳು. ಸುಣ್ಣ ಕೇಳಿದಳು.